ಆಖೆನ್‌ಗೆ ಹೊಸದಾಗಿ ಬಂದವರಿಗೆ: ಗಡಿ ದಾಟುವ ಮುಂಚೆ

ಬನ್ನಿ, ಸ್ವಾಗತ. ಬ್ಯಾಂಕು, ಶಾಲೆ ವಿಷಯ ಆಫೀಸಿನವರು ಹೇಳಿರುತ್ತಾರೆ. ನಮ್ಮ ಕನ್ನಡ ಸಂಘದವರ ಮನೆಗಳು ಮೂರು ದೇಶದಲ್ಲಿವೆ: ಜರ್ಮನಿಯ ಆಖೆನ್, ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್, ಬೆಲ್ಜಿಯಂನ ಲಿಯೇಜ್. ಕಳೆದ ಯುಗಾದಿಗೆ ಒಬ್ಬಟ್ಟು ಲಿಯೇಜ್‌ನಿಂದ ಬಂತು, ಚಿತ್ರಾನ್ನ ಮಾಸ್ಟ್ರಿಕ್ಟ್‌ನಿಂದ. ಹಾಗಾಗಿ ನೀವೂ ಗಡಿ ದಾಟುತ್ತಲೇ ಇರುತ್ತೀರಿ.

ಕಾಗದಪತ್ರ (ಎರಡು ಸಲ ಓದಿ)

ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗಿಬಂದ ಅಭ್ಯಾಸ ನಮ್ಮದು. ಇಲ್ಲೂ ಹಾಗೇ ಅನಿಸುತ್ತದೆ. ಗಡಿಯಾಚೆಯ ಡಚ್ ಊರು ವಾಲ್ಸ್ ಬಂತು ಅಂತ ಗೊತ್ತಾಗುವುದು ಕಾರುಗಳ ಹಳದಿ ನಂಬರ್ ಪ್ಲೇಟ್ ನೋಡಿದಾಗಲೇ. 1995ರ ಮಾರ್ಚ್ 26ರಿಂದ ಇಲ್ಲಿ ತಪಾಸಣೆ ಇರಲಿಲ್ಲ ನಿಜ. ಆದರೆ 2024ರ ಸೆಪ್ಟೆಂಬರ್ 16ಕ್ಕೆ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ಮತ್ತೆ ಶುರು ಮಾಡಿತು.

ಒಂದು ಭಾನುವಾರ ಮಾಸ್ಟ್ರಿಕ್ಟ್‌ನಿಂದ ಬಸ್ಸಲ್ಲಿ ವಾಪಸ್ ಬರುತ್ತಿದ್ದೆ. ಪೊಲೀಸರು ಹತ್ತಿದರು. ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿ, ಮಗಳು ತೊಡೆಯ ಮೇಲೆ ನಿದ್ದೆಯಲ್ಲಿ. ನಮ್ಮವರು ತಂದುಕೊಡುವ ತನಕ ರಸ್ತೆ ಪಕ್ಕ ನಿಂತೆ. ಆ ಚಳಿ ಇನ್ನೂ ಮರೆತಿಲ್ಲ. ಪಾಸ್‌ಪೋರ್ಟ್, ವಾಸದ ಕಾರ್ಡ್ ಎರಡೂ ಬೇಕು. ಫೋನಿನಲ್ಲಿರುವ ಫೋಟೋ ಸಾಲದು. ಮಕ್ಕಳದ್ದೂ ಇರಲಿ. ಎಷ್ಟು ಹೇಳಿದರೂ ಪ್ರತಿ ಹಬ್ಬಕ್ಕೂ ಯಾರಾದರೊಬ್ಬರು ಬಿಟ್ಟು ಬರುತ್ತಾರೆ!

ಜರ್ಮನ್ ಸಹೋದ್ಯೋಗಿಗಳು ವಾಲ್ಸ್‌ನಲ್ಲಿ ಮನೆ ಮಾಡಿ ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಅವರಿಗೆ 1992ರ ಮಾಸ್ಟ್ರಿಕ್ಟ್ ಒಪ್ಪಂದ ಕೊಟ್ಟ ಯುರೋಪಿಯನ್ ಒಕ್ಕೂಟದ ಪೌರತ್ವ ಇದೆ, ನಮಗಿಲ್ಲ. ನಮ್ಮ ಕಾರ್ಡಿನಲ್ಲಿ ಪಕ್ಕದ ದೇಶಗಳಿಗೆ 180 ದಿನದಲ್ಲಿ 90 ದಿನ ಸುತ್ತಾಡಿ ಬರಬಹುದು, ಅಷ್ಟೇ. ಬಾಡಿಗೆ ಕಮ್ಮಿ ಅಂತ ಸುಮ್ನೆ ಸಹಿ ಹಾಕಬೇಡಿ, ವಿದೇಶಿಯರ ಕಚೇರಿಯಲ್ಲಿ ಮೊದಲು ಕೇಳಿ.

ಅಪ್ಪ ಅಮ್ಮ ಬಂದಾಗ

ಅವರ 90 ದಿನ ಒಂದೇ ವೀಸಾ ನಡೆಯುವ ಎಲ್ಲ ಷೆಂಗೆನ್ ದೇಶಗಳಿಗೂ ಸೇರಿ. ಬೆಲ್ಜಿಯಂಗೆ ಹೋಗಿ ಬಂದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ವೀಸಾಕ್ಕೆ ಬೇಕಾದ ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊ ಖರ್ಚು ಭರಿಸುವಂತಿರಬೇಕು. ತುಪ್ಪ ತರಿಸಬೇಡಿ, ಹಾಲಿನ ಪದಾರ್ಥ ತರುವಂತಿಲ್ಲ.

ದಿನನಿತ್ಯಕ್ಕೆ

- ಭಾನುವಾರ ಆಖೆನ್‌ನಲ್ಲಿ ಅಂಗಡಿ ಮುಚ್ಚಿರುತ್ತವೆ, ವಾಲ್ಸ್‌ಗೆ ಹೋಗಿ.
- ಜರ್ಮನ್ ಬಾಟಲಿಯ 25 ಸೆಂಟ್ ಠೇವಣಿ ಜರ್ಮನಿಯಲ್ಲೇ ವಾಪಸ್.
- ಸಿಮ್ ಒಂದೇ ಸಾಕು. 2017ರ ಜೂನ್ 15ರಿಂದ ಒಕ್ಕೂಟದೊಳಗೆ ರೋಮಿಂಗ್ ದರ ಇಲ್ಲ.
- ತುರ್ತಿಗೆ 112, ಮೂರೂ ಕಡೆ.

ಮಕ್ಕಳು

ಲಿಯೇಜ್ ಮಕ್ಕಳದು ಫ್ರೆಂಚ್, ಮಾಸ್ಟ್ರಿಕ್ಟ್‌ನವರದು ಡಚ್, ನಮ್ಮವರದು ಜರ್ಮನ್. ಎಲ್ಲರಿಗೂ ಬರುವುದು ಕನ್ನಡ ಒಂದೇ ಅಲ್ವಾ? ಕಣ್ಣಾಮುಚ್ಚಾಲೆಯ ಜಗಳವೂ ಅದರಲ್ಲೇ. "ನೀನು ಕಳ್ಳಾಟ ಆಡಿದೆ" ಅಂತ ಅಷ್ಟು ಸ್ಪಷ್ಟವಾಗಿ ಕೂಗುವುದನ್ನು ಕೇಳಿದಾಗ ನಮಗೆ ಹೆಮ್ಮೆಯಾಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿ ಅದನ್ನು ಕೆಡಿಸಬೇಡಿ. ಕನ್ನಡ ಪಾಠಕ್ಕೆ ತಪ್ಪದೆ ಕಳಿಸಿ, ಹೊತ್ತಿಗೆ ಸರಿಯಾಗಿ.