ಮೀನಿಗೆ ಹಿಂಡಿ, ತೌಡು ಹಾಕುವಾಗ ಅದರ ಕರುಳನ್ನೂ ನೋಡ್ಕೊಳ್ಳಿ

ಕೆರೆ, ಹೊಂಡದಲ್ಲಿ ರೋಹು ಸಾಕುವವರು ಶೇಂಗಾ ಹಿಂಡಿ, ಅಕ್ಕಿ ತೌಡು ಹಾಕೋದು ಮಾಮೂಲಿ. ಅದರ ಉದ್ದ ಕರುಳಿಗೆ ಇದು ಒಗ್ಗುತ್ತದೆ. ಹಸಿ ಸೋಯಾ ಮಾತ್ರ ಬೇಡ. ಅದರಲ್ಲಿರುವ ಟ್ರಿಪ್ಸಿನ್ ಇನ್‌ಹಿಬಿಟರ್ ಅನ್ನೋ ಅಂಶ ಪ್ರೋಟೀನ್ ಜೀರ್ಣವಾಗಲು ಬಿಡಲ್ಲ, ಚೆನ್ನಾಗಿ ಬೇಯಿಸಿದರೆ ಬಹುಪಾಲು ಹೋಗುತ್ತದೆ. ಆದರೆ ಸೋಯಾದಲ್ಲೇ ಇರುವ ಸಪೋನಿನ್ ಅನ್ನೋ ಇನ್ನೊಂದು ಅಂಶ ಬಿಸಿಗೆ ಜಗ್ಗಲ್ಲ, ಸೋಯಾ ಜಾಸ್ತಿ ತಿಂದ ಸಾಲ್ಮನ್ ಮೀನಿನ ಕರುಳು ಊದಿಕೊಳ್ಳೋದರಲ್ಲಿ ಅದರ ಕೈವಾಡ ದೊಡ್ಡದು, ಹಾಗಾಗಿ ಸೋಯಾ ಒಂದನ್ನೇ ನೆಚ್ಚಿಕೊಳ್ಳಬೇಡಿ.

ಹಿಂಡಿ ಮುರಿದು ಮೂಸಿ ನೋಡಿ. ಮುಗ್ಗಲು ವಾಸನೆಯೋ ಹಸಿರು ಬೂಸ್ಟೋ ಕಂಡರೆ, ಎಷ್ಟೇ ದುಡ್ಡು ಕೊಟ್ಟಿದ್ದರೂ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ ಇದ್ದರೆ ಮೀನಿನ ಲಿವರ್ ಕೆಡುತ್ತದೆ, ಕುದಿಸಿದರೂ ಆ ವಿಷ ಹೋಗಲ್ಲ.

ಮೇವು ಬದಲಿಸುವಾಗ ಹಳೆಯದರ ಜೊತೆ ಸ್ವಲ್ಪಸ್ವಲ್ಪವೇ ಬೆರೆಸಿ. ಬಲೆ ಹಾಕಿದಾಗ ಒಂದು ಮೀನು ಕೊಯ್ದು ನೋಡಿ: ಕರುಳು ಕೆಂಪಗೆ ಊದಿ ಒಳಗೆ ಲೋಳೆ ತುಂಬಿದ್ದರೆ ಆ ಮೇವು ನಿಲ್ಲಿಸಿ, ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.