ಮೀನು ಹಾಲ್‌ನಲ್ಲಿ, ಫಿಲ್ಟರ್ ಬಚ್ಚಲ ಪಕ್ಕದಲ್ಲಿ

ದೊಡ್ಡ ಮೀನಿನ ತೊಟ್ಟಿ ಬೇಕು, ಆದರೆ ಪಂಪಿನ ಸದ್ದು, ವೈರು, ಪೈಪು, ಕೊಳಕು ಸ್ಪಂಜು ಯಾವುದೂ ಹಾಲ್‌ನಲ್ಲಿ ಬೇಡ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿತ್ರದುರ್ಗದ ಜೋಗಿಮಟ್ಟಿ ರಸ್ತೆ ಕಡೆ ಇರುವ ನಮ್ಮ ಮನೆಯಲ್ಲಿ ಫಿಲ್ಟರನ್ನು ಪೂರ್ತಿ ಬೇರೆ ಕೋಣೆಗೆ ಹಾಕಿದ್ದೇನೆ.

ನಮ್ಮ ತೊಟ್ಟಿ ಐದು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಸುಮಾರು 425 ಲೀಟರ್ ಹಿಡಿಯುತ್ತದೆ. ಇರುವುದು ಎರಡು ಆಸ್ಕರ್ ಮೀನು. ಆಸ್ಕರ್ ಸಾಕಿದವರಿಗೆ ಹೇಳಬೇಕಿಲ್ಲ, ಊಟ ಹಾಕುವವರನ್ನು ಗುರುತು ಹಿಡಿಯುವ ಮೀನು ಅದು. ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಗಾಜಿಗೆ ನೇತುಹಾಕುವ ಸಣ್ಣ ಫಿಲ್ಟರ್ ಇದಕ್ಕೆ ಸಾಲುವುದಿಲ್ಲ. ದೊಡ್ಡ ಫಿಲ್ಟರನ್ನು ತೊಟ್ಟಿಯ ಕೆಳಗೇ ಇಡೋಣ ಅಂದರೆ ಅಮ್ಮ ಮಲಗುವುದು ಹಾಲ್‌ನಲ್ಲೇ. ರಾತ್ರಿಯಿಡೀ ನೀರು ಬೀಳುವ ಸದ್ದು ಕೇಳಿಕೊಂಡು ಅವರು ಮಲಗಬೇಕಾ?

ನಮ್ಮೂರ ಕೋಟೆಯ ಹೊಂಡಗಳನ್ನು ನೋಡಿದವರಿಗೆ ಈ ಏರ್ಪಾಡು ಸುಲಭವಾಗಿ ತಿಳಿಯುತ್ತದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕೆಳಕ್ಕೆ. ನಮ್ಮಲ್ಲೂ ಅಷ್ಟೇ. ಮೀನಿನ ತೊಟ್ಟಿ ಅಂಚಿನವರೆಗೆ ಬಂದರೆ ಹೆಚ್ಚಾದ ನೀರು ತಾನಾಗಿ ಕೆಳಗಿನ ಫಿಲ್ಟರ್ ತೊಟ್ಟಿಗೆ ಇಳಿಯುತ್ತದೆ. ಪಂಪು ಬೇಕಾಗುವುದು ಮತ್ತೆ ಮೇಲಕ್ಕೆ ಕಳಿಸಲು ಮಾತ್ರ. ಮೀನು ಸಾಕುವವರು ಈ ಕೆಳಗಿನ ತೊಟ್ಟಿಯನ್ನು ಸಂಪ್ ಅನ್ನುತ್ತಾರೆ.

ಯಾವ ಕೋಣೆ ಅನ್ನುವುದನ್ನು ಮೊದಲು ತೀರ್ಮಾನ ಮಾಡಬೇಕು. ಮೆಟ್ಟಿಲ ಕೆಳಗೆ ಸುಮ್ನೆ ಖಾಲಿ ಬಿದ್ದಿದೆಯಲ್ಲ ಅಂದರು ಮನೆಯವರು. ನಾನು ಬೇಡ ಅಂದೆ. ಕಾರಣ ಇದು. ಹೀಗೆ ಎರಡು ತೊಟ್ಟಿ ಸೇರಿಸಿದಾಗ ಆವಿಯಾಗಿ ಹೋದ ನೀರು ಮೀನಿನ ತೊಟ್ಟಿಯಲ್ಲಿ ಕಡಿಮೆಯಾಗುವುದಿಲ್ಲ. ಅಲ್ಲಿ ಮಟ್ಟ ಯಾವಾಗಲೂ ಒಂದೇ. ಇಳಿಯುವುದು ಕೆಳಗೆ, ಪಂಪ್ ಇರುವ ಭಾಗದಲ್ಲಿ. ಹಾಲ್‌ನಲ್ಲಿ ಕೂತವರಿಗೆ ಎಲ್ಲಾ ಸರಿಯಾಗಿಯೇ ಕಾಣುತ್ತಿರುತ್ತದೆ, ಅಲ್ಲಿ ಪಂಪ್ ಒಣಗಿ ಸುಡುತ್ತಿರುತ್ತದೆ. ನಮ್ಮೂರ ಬೇಸಿಗೆ, ಒಣ ಗಾಳಿಗೆ ನೀರು ಬೇಗ ಆರುತ್ತದೆ. ಹಾಗಾಗಿ ದಿನಾ ಯಾರಾದರೂ ಓಡಾಡುವ ಜಾಗವೇ ಬೇಕು. ಹಾಲ್‌ನ ಗೋಡೆಗೆ ಅಂಟಿಕೊಂಡು, ಬಚ್ಚಲಿಗೆ ಹೋಗುವ ದಾರಿಯಲ್ಲಿ, ಹಿಂದೆ ಕಟ್ಟಿಗೆ ಇಡುತ್ತಿದ್ದ ಸಣ್ಣ ಕೋಣೆ ನಮ್ಮಲ್ಲಿತ್ತು. ನೆಲ ಎರಡು ಇಂಚು ತಗ್ಗು, ಮೋರಿ ಇದೆ, ನಲ್ಲಿ ಇದೆ. ಅದನ್ನೇ ಆರಿಸಿದೆ. ಫಿಲ್ಟರ್ ತೊಟ್ಟಿಯ ಗಾಜಿನ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಬೆಳಿಗ್ಗೆ ಹಲ್ಲುಜ್ಜಲು ಹೋಗುವವರು ಗೆರೆ ನೋಡಿಯೇ ಹೋಗುತ್ತಾರೆ. ಅಮ್ಮ ಅಂತೂ "ಮೀನಿನ ನೀರು ನೋಡಿದೇನಪ್ಪ?" ಅಂತ ಕೇಳದೆ ಕಾಫಿ ಕೊಡುವುದಿಲ್ಲ.

ತೊಟ್ಟಿ ಮಾಡುವವರಿಗೆ ಮೊದಲೇ ಹೇಳಿ, ಗಾಜು ಅಂಟಿಸುವ ಮುಂಚೆ ಹಿಂದಿನ ಗಾಜಿನಲ್ಲಿ ಎರಡು ತೂತು ಕೊರೆಸಿದೆ. ನೀರು ಬಿಡುತ್ತಾ ಡೈಮಂಡ್ ಬಿಟ್‌ನಲ್ಲಿ ಕೊರೆಯುತ್ತಾರೆ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾದರೆ ಕೊರೆಯಲು ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ಅದನ್ನು ಕೇಳಿ ಖಚಿತ ಮಾಡಿಕೊಳ್ಳಿ. ತೂತುಗಳಿರುವ ಮೂಲೆಯಲ್ಲಿ ಆರಿಂಚು ಚೌಕದ ಗಾಜಿನ ಪೆಟ್ಟಿಗೆ ಇದೆ. ನೀರು ಅದರ ಅಂಚು ದಾಟಿ ಒಳಗೆ ಬೀಳುತ್ತದೆ. ಅಂಚಿಗೆ ಹಲ್ಲು ಹಲ್ಲಾಗಿ ಸೀಳು ಬಿಟ್ಟರೆ ಮೀನು ಒಳಗೆ ಹೋಗುವುದಿಲ್ಲ.

ಗೋಡೆ ಒಂಬತ್ತು ಇಂಚಿನದು. ಉಳಿ ಸುತ್ತಿಗೆಯಲ್ಲಿ ಒಡೆದರೆ ಆಗಲ್ವಾ ಅಂತ ಕೇಳಿದೆ. "ಬ್ಯಾಡ ಸಾರ್, ಗೋಡೆ ಬಿರುಕು ಬಿಡತೈತೆ, ಕೋರ್ ಕಟಿಂಗ್ ಮಷೀನ್ ತರಿಸ್ತೀನಿ" ಅಂದ ಪ್ಲಂಬರ್. ಅವನ ಮಾತು ಕೇಳಿದ್ದು ಒಳ್ಳೆಯದಾಯಿತು. ದುಂಡಗೆ ನೀಟಾಗಿ ಬಂತು. ತೂತಿನೊಳಗೆ ದೊಡ್ಡ ಪೈಪಿನ ತುಂಡು ಕೂರಿಸಿ, ಅದರೊಳಗೆ 40 ಮಿ.ಮೀ. ಪಿವಿಸಿ ಪೈಪ್ ಹಾಯಿಸಿದೆವು. ನಾಳೆ ಪೈಪ್ ಬದಲಿಸಬೇಕಾದರೆ ಗೋಡೆ ಮುಟ್ಟಬೇಕಿಲ್ಲ. ಫಿಲ್ಟರ್ ಇರುವ ಕೋಣೆಯ ಕಡೆಗೆ ಸ್ವಲ್ಪ ವಾಟ ಇರಲೇಬೇಕು. ಮಟ್ಟಸವಾಗಿ ಹೋದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಗುಳುಗುಳು ಅನ್ನುತ್ತದೆ. ತಿರುವುಗಳಲ್ಲಿ 90 ಡಿಗ್ರಿ ಎಲ್ಬೋ ಒಂದರ ಬದಲು 45 ಡಿಗ್ರಿಯ ಎರಡು ಹಾಕಿದರೆ ನೀರು ಸರಾಗ.

ನೀರು ಇಳಿಯುವ ಎರಡು ಪೈಪಿನಲ್ಲಿ ಕೆಳಗಿನದು ಸದಾ ತುಂಬಿ ಹರಿಯುತ್ತದೆ. ಅದಕ್ಕೆ ಗೇಟ್ ವಾಲ್ವ್ ಇದೆ. ಬಾಲ್ ವಾಲ್ವ್ ಬೇಡ, ಅದರಲ್ಲಿ ಸಣ್ಣಗೆ ತಿರುಗಿಸಿ ಹೊಂದಿಸುವುದು ಕಷ್ಟ. ಪೈಪ್ ಪೂರ್ತಿ ತುಂಬಿ ಹರಿದರೆ ಗಾಳಿಗೆ ಜಾಗವಿಲ್ಲ, ಗಾಳಿ ಇಲ್ಲದಿದ್ದರೆ ಸದ್ದಿಲ್ಲ. ಮೇಲಿನ ಪೈಪು ತುರ್ತಿಗೆ. ಕೆಳಗಿನದಕ್ಕೆ ಎಲೆಯೋ ಆಹಾರವೋ ಸಿಕ್ಕಿ ಕಟ್ಟಿದರೆ ನೀರು ಇದರಲ್ಲಿ ಇಳಿಯುತ್ತದೆ. ಆಗ ಜೋರಾಗಿ ಸದ್ದು ಬರುತ್ತದೆ. ಬರಲೇಬೇಕು, ನಮಗೆ ಸುದ್ದಿ ಮುಟ್ಟುವುದೇ ಅದರಿಂದ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಕರೆಂಟ್ ಹೋದಾಗ ಏನಾಗುತ್ತದೆ? ಪಂಪ್ ನಿಲ್ಲುತ್ತದೆ, ಮೂಲೆಯ ಪೆಟ್ಟಿಗೆಯ ಅಂಚಿನ ಮಟ್ಟ ಬರುವವರೆಗೆ ನೀರು ಇಳಿಯುತ್ತಲೇ ಇರುತ್ತದೆ. ನಾವು ಊರಲ್ಲಿರುವುದಿಲ್ಲ, ಇಲ್ಲ ನಿದ್ದೆಯಲ್ಲಿರುತ್ತೇವೆ. ಆದ್ದರಿಂದ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಂಡೇ ಫಿಲ್ಟರ್ ತೊಟ್ಟಿ ಆರ್ಡರ್ ಮಾಡಿದೆ. ನಮ್ಮ ಮೀನಿನ ತೊಟ್ಟಿಯಲ್ಲಿ ಒಂದು ಇಂಚು ನೀರು ಇಳಿದರೆ ಹೆಚ್ಚುಕಡಿಮೆ 18 ಲೀಟರ್. ಮೂಲೆಯ ಪೆಟ್ಟಿಗೆಯಲ್ಲಿ ಸುಮಾರು 10 ಲೀಟರ್. ಪೈಪಿನಲ್ಲಿರುವುದು ಸ್ವಲ್ಪ. ಎಲ್ಲಾ ಸೇರಿ 30 ಲೀಟರ್ ಕೆಳಗೆ ಬರಬಹುದು. ಫಿಲ್ಟರ್ ತೊಟ್ಟಿ ಮೂರಡಿ ಉದ್ದ, ಅಗಲ ಎತ್ತರ ಎರಡೂ 15 ಇಂಚು. ನೀರನ್ನು ಒಂಬತ್ತು ಇಂಚಿಗೆ ನಿಲ್ಲಿಸಿದರೆ ಮೇಲೆ ಆರಿಂಚು ಖಾಲಿ, ಅಂದರೆ 50 ಲೀಟರಿಗೂ ಸ್ವಲ್ಪ ಹೆಚ್ಚು ಜಾಗ.

ಇನ್ನೊಂದು ಕಡೆಯಿಂದಲೂ ನೀರು ಹಿಂದಕ್ಕೆ ಬರುತ್ತದೆ. ಪಂಪಿನಿಂದ ಮೇಲೆ ಹೋಗುವ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ, ಪಂಪ್ ನಿಂತ ಕೂಡಲೇ ಅದೇ ಪೈಪು ತೊಟ್ಟಿಯ ನೀರನ್ನು ಕೆಳಗೆ ಎಳೆಯಲು ಶುರು ಮಾಡುತ್ತದೆ. ಅದಕ್ಕೆ ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಹಾಕಬೇಕು. ನೀರು ಅಲ್ಲಿಗೆ ಇಳಿದಾಗ ಗಾಳಿ ಒಳಗೆ ಹೋಗಿ ಎಳೆತ ನಿಲ್ಲುತ್ತದೆ. ತೂತಿಗೆ ಪಾಚಿ ಕಟ್ಟುತ್ತದೆ, ಆಗಾಗ ಕಡ್ಡಿ ಆಡಿಸಬೇಕು. ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್, ಹಾಕಿದರೆ ಸಾಕು ಅನ್ನುವವರಿದ್ದಾರೆ. ನಮ್ಮ ಕಡೆಯ ಗಡಸು ಬೋರ್ ನೀರಿನಲ್ಲಿ ಅದಕ್ಕೆ ಬಿಳಿ ಸುಣ್ಣ ಕಟ್ಟಿ ಸರಿಯಾಗಿ ಮುಚ್ಚದೇ ಹೋಗಬಹುದು. ತೂತನ್ನೇ ನಂಬಿ.

ತದ್ವಿರುದ್ಧವಾಗಿ, ಇಳಿಯುವ ಪೈಪ್ ಎರಡೂ ಕಟ್ಟಿಕೊಂಡು ಪಂಪ್ ಓಡುತ್ತಲೇ ಇದ್ದರೆ? ಅದಕ್ಕಾಗಿ ಫಿಲ್ಟರ್ ತೊಟ್ಟಿಯಲ್ಲಿ ಪಂಪ್ ಇರುವ ಭಾಗವನ್ನು ಬೇಕಂತಲೇ ಚಿಕ್ಕದು ಮಾಡಿಸಿದೆ, ಒಂದು ಅಡಿ ಉದ್ದ ಅಷ್ಟೇ. ಅಲ್ಲಿರುವುದು 26 ಲೀಟರ್. ಅಷ್ಟೂ ಮೇಲೆ ಹೋದರೆ ಮೀನಿನ ತೊಟ್ಟಿ ಒಂದೂವರೆ ಇಂಚು ಏರುತ್ತದೆ. ಮೇಲೆ ಎರಡು ಇಂಚು ಖಾಲಿ ಬಿಟ್ಟಿದ್ದೇನೆ. ಈ 26 ಲೀಟರಿನಿಂದ ಹಾಲ್‌ಗೆ ಒಂದು ಹನಿಯೂ ಬರುವುದಿಲ್ಲ.

ಪಂಪ್ ಡಬ್ಬಿಯ ಮೇಲೆ ಗಂಟೆಗೆ 4000 ಲೀಟರ್ ಅಂತ ಇದೆ. ನಾಲ್ಕು ಅಡಿ ಮೇಲಕ್ಕೆ, ಗೋಡೆ ದಾಟಿ, ತಿರುವುಗಳಲ್ಲಿ ಹೋಗುವಾಗ ಸಿಗುವುದು ಅದರ ಅರ್ಧ. ಗಂಟೆಗೆ ನಾಲ್ಕೈದು ಸಲ ತೊಟ್ಟಿಯ ನೀರು ಸುತ್ತಿದರೆ ನನಗೆ ಸಾಕು. 65 ವ್ಯಾಟಿನದು, ದಿನಕ್ಕೆ ಒಂದೂವರೆ ಯೂನಿಟ್ ಆಗುತ್ತದೆ. ಪ್ಲಗ್ ಪಾಯಿಂಟ್ ತೊಟ್ಟಿಗಿಂತ ಎತ್ತರದಲ್ಲಿರಲಿ. ವೈರು ಒಮ್ಮೆ ಕೆಳಕ್ಕೆ ಜೋತು ಆಮೇಲೆ ಮೇಲೇರಿ ಪ್ಲಗ್ ಸೇರಲಿ. ಆಗ ವೈರಿನ ಗುಂಟ ಬಂದ ಹನಿ ಕೆಳಗೇ ತೊಟ್ಟಿಕ್ಕುತ್ತದೆ. ಒದ್ದೆ ಕೋಣೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಹಾಕಿಸದೇ ಕೈ ಇಡಬೇಡಿ. ದುಡ್ಡು ಉಳಿಸುವ ಜಾಗ ಅದಲ್ಲ.

ಫಿಲ್ಟರ್ ತೊಟ್ಟಿಯ ಮೊದಲ ಭಾಗದಲ್ಲಿ ಬಿಳಿ ಫಿಲ್ಟರ್ ಹತ್ತಿ. ನಡುವೆ ಸೆರಾಮಿಕ್ ರಿಂಗ್, ಜೊತೆಗೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬರ್. ಸೋಪು ಇಲ್ಲದ್ದು ನೋಡಿ ತರಬೇಕು, ಸ್ಟೀಲಿನದು ಬೇಡ. ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಕೂರಲು ಜಾಗ ಬೇಕು, ಅಷ್ಟೇ. ಹೊಸದಾಗಿ ಶುರು ಮಾಡಿದರೆ ಅವು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನಾನು ಹಳೆಯ ಫಿಲ್ಟರಿನ ಸ್ಪಂಜನ್ನು ತೊಳೆಯದೆ ಇದರಲ್ಲಿ ಇಟ್ಟೆ, ಬೇಗ ಹೊಂದಿಕೊಂಡಿತು.

ಬೇರೆ ಕೋಣೆಯಿಂದ ನಿಜವಾಗಿ ಆದ ಲಾಭ ಸದ್ದು ಕಡಿಮೆ ಆಗಿದ್ದಲ್ಲ. ತೊಳೆಯುವ ಕೆಲಸ ಈಗ ಬೇಸರವಿಲ್ಲ. ಹಾಲ್‌ನಲ್ಲಿ ಬಕೆಟ್ ಹಿಡಿದು ಓಡಾಡುವುದು ತಪ್ಪಿತು. ಹತ್ತಿ ತೆಗೆದು ಮೋರಿ ಹತ್ತಿರ ಹಿಂಡಿದರೆ ಮುಗಿಯಿತು. ಬದಲಿಸುವ ನೀರಿಗೆ ಅಲ್ಲೇ 200 ಲೀಟರಿನ ಡ್ರಮ್ ಇಟ್ಟಿದ್ದೇನೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಮೀನಿನ ಕಿವಿರಿಗೂ ಬ್ಯಾಕ್ಟೀರಿಯಾಕ್ಕೂ ಆಗದು. ಅದು ಹೋಗಲಿ ಅಂತ ಒಂದು ದಿನ ಡ್ರಮ್ಮಿನಲ್ಲಿ ಏರ್ ಪಂಪ್ ಬಿಟ್ಟು ಹಾಕುತ್ತೇನೆ. ಅವಸರವಿದ್ದರೆ ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್. ತೆಗೆದ ನೀರು ಹಿತ್ತಲ ಕರಿಬೇವಿಗೆ, ಗಿಡ ಚೆನ್ನಾಗಿ ಚಿಗುರುತ್ತದೆ. ಕೋಣೆಯಲ್ಲಿ ತೇವ ನಿಲ್ಲದಂತೆ ಎಕ್ಸಾಸ್ಟ್ ಫ್ಯಾನ್ ಇದೆ. ಬೇಸಿಗೆಯಲ್ಲಿ ಫಿಲ್ಟರ್ ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ನೀರು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ನೀರು ಆರುವುದೂ ಅಷ್ಟೇ ಜಾಸ್ತಿ.

ಆರಿದ ನೀರು ತುಂಬಲು ಫಿಲ್ಟರ್ ತೊಟ್ಟಿಗೆ ಬಾಲ್ ಕಾಕ್ (ಮಟ್ಟ ಬಂದಾಗ ತಾನಾಗಿ ಮುಚ್ಚುವ ನಲ್ಲಿ) ಹಾಕಿದ್ದೇನೆ. ಅದನ್ನು ಮಾಳಿಗೆಯ ಟ್ಯಾಂಕಿಗೆ ಜೋಡಿಸಿಲ್ಲ. ಅದು ಸಿಕ್ಕಿಹಾಕಿಕೊಂಡರೆ ಇಡೀ ಟ್ಯಾಂಕಿನ ಕ್ಲೋರಿನ್ ನೀರು ಮೀನಿಗೆ ಬರುತ್ತದೆ. ಬೋರ್ ನೀರು ತುಂಬುತ್ತಾ ಹೋದರೆ ಗಡಸುತನ ಏರುತ್ತಲೇ ಇರುತ್ತದೆ, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಅದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನ್ ಒಂದನ್ನು ಗೋಡೆಯ ಹಲಗೆ ಮೇಲಿಟ್ಟು, ಅದರಿಂದ ಬಾಲ್ ಕಾಕ್‌ಗೆ ಸಣ್ಣ ಟ್ಯೂಬ್ ಕೊಟ್ಟಿದ್ದೇನೆ. ಬಾಲ್ ಕಾಕ್ ಕೆಟ್ಟು ಕ್ಯಾನ್ ಪೂರ್ತಿ ಸುರಿದು, ಅದೇ ಹೊತ್ತಿಗೆ ಕರೆಂಟೂ ಹೋದರೆ 20 ಮತ್ತು 30, ಒಟ್ಟು 50 ಲೀಟರ್. ಅದಕ್ಕೂ ಕೆಳಗೆ ಜಾಗ ಇದೆ. ಇಳಿಯುವ ಪೈಪ್ ಎರಡೂ ಕಟ್ಟಿದಾಗ ಈ 20 ಲೀಟರೂ ಮೇಲೆ ಹೋದರೆ ಮಾತ್ರ ಅಲ್ಲಿ ಬಿಟ್ಟ ಎರಡು ಇಂಚು ಸಾಲದು.