ನೋವಿಗೆ ಫೆಂಟನಿಲ್ ಪ್ಯಾಚ್: ಮನೆ ಆರೈಕೆಯಲ್ಲಿ ನನ್ನ ಅನುಭವ

ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ, ನೋವು-ಸಂಕಟ ತಗ್ಗಿಸುವ ಉಪಶಾಮಕ ಆರೈಕೆ ನೀಡುವ ನರ್ಸ್ ಆಗಿ ನಾನು ಕಂಡಂತೆ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ನಿಂದ ಮಾತ್ರೆ ನುಂಗಲಾಗದವರಿಗೆ ಫೆಂಟನಿಲ್ ಪ್ಯಾಚ್ ದೊಡ್ಡ ಆಸರೆ. ಫೆಂಟನಿಲ್ ಎಂಬುದು ಮಾರ್ಫಿನ್ ಜಾತಿಯ ಪ್ರಬಲ ನೋವುನಿವಾರಕ; ಅದನ್ನು ಚರ್ಮದ ಮೂಲಕ ದೇಹಕ್ಕೆ ಇಳಿಸುವ ಅಂಟುಪಟ್ಟಿಯೇ ಈ ಪ್ಯಾಚ್. ಆದರೆ ನೋಡಲು ಗಾಯದ ಪ್ಲಾಸ್ಟರ್‌ನಂತಿರುವುದರಿಂದ ಮನೆಯವರು ಅದನ್ನು ಹಗುರವಾಗಿ ಎಣಿಸುತ್ತಾರೆ. ಗಂಟೆಗೆ 25 ಮೈಕ್ರೊಗ್ರಾಂ ಬಿಡುವ ಒಂದು ಪ್ಯಾಚ್, ದಿನಕ್ಕೆ ಸುಮಾರು 60 ಮಿಲಿಗ್ರಾಂ ಮಾರ್ಫಿನ್ ನುಂಗಿದ್ದಕ್ಕೆ ಸಮ ಎಂದು ವಿವರಿಸಿದ ಮೇಲೆಯೇ ಅದರ ಬಲ ಅವರಿಗೆ ಅರ್ಥವಾಗುತ್ತದೆ. ಮಾರ್ಫಿನ್‌ನಂಥ ಔಷಧ ದೇಹಕ್ಕೆ ರೂಢಿಯಾಗಿರದವರಿಗೆ ಇದನ್ನು ಹಚ್ಚಿದರೆ ಉಸಿರಾಟವೇ ಕುಗ್ಗಬಹುದು.

ಚರ್ಮದ ಹೊರಪದರ ಜಿಡ್ಡಿನ ತಡೆಗೋಡೆ. ಫೆಂಟನಿಲ್ ಅಣು ಚಿಕ್ಕದು, ಕೊಬ್ಬಿನಲ್ಲಿ ಕರಗುವಂಥದ್ದು. ಆದ್ದರಿಂದ ಆ ಗೋಡೆಯನ್ನು ದಾಟುತ್ತದೆ. ಹಾಗೆ ದಾಟಿದ ಔಷಧ ಮೊದಲು ಚರ್ಮದಲ್ಲಿಯೇ ಸಂಗ್ರಹವಾಗಿ, ಆಮೇಲೆ ನಿಧಾನವಾಗಿ ರಕ್ತ ಸೇರುವುದರಿಂದ, ಪೂರ್ಣ ಪರಿಣಾಮ ಕಾಣಲು 12ರಿಂದ 24 ಗಂಟೆ ಬೇಕು. ಈ ಅವಧಿಯಲ್ಲಿ ರೋಗಿ ನರಳಬಾರದೆಂದು, ವೈದ್ಯರು ಬರೆದುಕೊಟ್ಟ ಮಾರ್ಫಿನ್ ದ್ರಾವಣವನ್ನು ಆಹಾರ ಕೊಡಲು ಅಳವಡಿಸಿದ ನಳಿಕೆಯ ಮೂಲಕ ಮುಂದುವರಿಸುತ್ತೇನೆ. ಪ್ಯಾಚ್ ಕಿತ್ತ ಮೇಲೂ ಹೀಗೆಯೇ: ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು 17 ಗಂಟೆ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ರೋಗಿಗೆ ವಿಪರೀತ ಮಂಪರು ಬಂದು, ಉಸಿರು ನಿಧಾನವಾದರೆ, ಪ್ಯಾಚ್ ತೆಗೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ತೆಗೆದಾಯಿತಲ್ಲ ಎಂದು ಸುಮ್ಮನಿರುವಂತಿಲ್ಲ.

ಹಚ್ಚಲು ಎದೆ, ಬೆನ್ನು ಅಥವಾ ತೋಳಿನ ಮೇಲ್ಭಾಗದಲ್ಲಿ ಗಾಯವಿಲ್ಲದ, ರೇಡಿಯೇಷನ್ ಪಡೆಯದ ಜಾಗವನ್ನು ಆರಿಸುತ್ತೇನೆ. ಕೂದಲಿದ್ದರೆ ಕತ್ತರಿಸುತ್ತೇನೆಯೇ ಹೊರತು ಬೋಳಿಸುವುದಿಲ್ಲ, ಏಕೆಂದರೆ ಬ್ಲೇಡಿನ ಗೀರು ಔಷಧ ಹೀರುವಿಕೆಯನ್ನು ಹೆಚ್ಚಿಸುತ್ತದೆ. ಸೋಪು ಬಳಸದೆ ಬರಿಯ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ, ಅಂಗೈಯಿಂದ 30 ಸೆಕೆಂಡು ಒತ್ತಿ ಹಿಡಿಯುತ್ತೇನೆ. 72 ಗಂಟೆಗೊಮ್ಮೆ ಬೇರೆ ಜಾಗಕ್ಕೆ ಹೊಸ ಪ್ಯಾಚ್. ಹಳೆಯದನ್ನು ತೆಗೆದದ್ದು ಖಚಿತವಾಗದೆ ಹೊಸದನ್ನು ಹಚ್ಚುವುದಿಲ್ಲ. ದಿನಾಂಕ, ಸಮಯ ಮತ್ತು ಜಾಗವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸುತ್ತೇನೆ.

ನಾನು ಅತಿ ಹೆಚ್ಚು ಹೊತ್ತು ಮಾತನಾಡುವುದು ಬಿಸಿಯ ಬಗ್ಗೆ. ನಮ್ಮ ಮನೆಗಳಲ್ಲಿ ನೋವೆಂದರೆ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹುಯ್ದು, ಶಾಖ ಕೊಡುವುದು ಪ್ರೀತಿಯಿಂದ ನಡೆದುಬಂದ ಆರೈಕೆ. ಅದನ್ನು ಬೇಡವೆನ್ನುವಾಗ ಕಾರಣವನ್ನೂ ಹೇಳಬೇಕು. ಎಣ್ಣೆ ಇದ್ದ ಚರ್ಮಕ್ಕೆ ಪ್ಯಾಚ್ ಹಿಡಿಯುವುದಿಲ್ಲ. ಶಾಖ ತಗುಲಿದರೆ ಮೂರು ದಿನಕ್ಕೆಂದು ಇಟ್ಟ ಔಷಧ ಬೇಗಬೇಗನೆ ಒಳಗಿಳಿದು ಪ್ರಮಾಣ ಮಿತಿಮೀರಬಹುದು. ಜೋರು ಜ್ವರ ಬಂದರೂ ಇದೇ ಅಪಾಯವಿರುವುದರಿಂದ, ಜ್ವರ ಕಂಡ ಕೂಡಲೇ ನಮಗೆ ಫೋನ್ ಮಾಡಲು ಹೇಳಿರುತ್ತೇನೆ. ಉಗುರುಬೆಚ್ಚಗಿನ ನೀರಿನ ಸ್ನಾನಕ್ಕೆ ಅಡ್ಡಿಯಿಲ್ಲ.

ಬಳಸಿ ತೆಗೆದ ಪ್ಯಾಚಿನಲ್ಲೂ ಮಗುವಿನ ಪ್ರಾಣಕ್ಕೆ ಕುತ್ತು ತರುವಷ್ಟು ಔಷಧ ಉಳಿದಿರುತ್ತದೆ. ಅದಕ್ಕಾಗಿ ಅಂಟಿನ ಭಾಗ ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಿಸುತ್ತೇನೆ. ಮುಂದಿನ ಭೇಟಿಯಲ್ಲಿ ಅವನ್ನು ಎಣಿಸಿ, ಕೊಟ್ಟ ಲೆಕ್ಕದೊಂದಿಗೆ ತಾಳೆ ನೋಡಿ, ನಮ್ಮ ಆರೈಕೆ ಕೇಂದ್ರಕ್ಕೆ ಹಿಂದಿರುಗಿಸುತ್ತೇನೆ.